ನಾಳೆ ಬಾ

ನಮ್ಮೂರ ವಾಚನಾಲಯದ ಮುಂದಿನ ಕಟ್ಟೆ ಮೇಲೆ ಸಂಜೆ ಹೊತ್ತಿಗೆ ಎಂಥೆಂಥವೋ ವಾದ ಹುಟ್ಟುತ್ತವೆ. ಪೇಪರು ಓದಿ ಮುಗಿಸಿದವರು, ಓದದೇ ಬಂದವರು, ಬಸ್ಸಿಗೆ ಕಾಯುವವರು, ಎಲ್ಲರೂ ಸೇರಿಕೊಳ್ಳುತ್ತಾರೆ. ಒಂದು ಸಂಜೆ ಎದ್ದ ಪ್ರಶ್ನೆ ಇದು. ‘ಮಾಡ್ತೀನಿ’ ಅಂದು ಮಾಡದವನು ಸುಳ್ಳುಗಾರ, ಅದರಲ್ಲಿ ಅನುಮಾನವಿಲ್ಲ. ‘ಮಾಡಲ್ಲ’ ಅಂದವನು ಬೇಕಾದರೆ ಕಠಿಣ ಮನುಷ್ಯ, ಸುಳ್ಳುಗಾರನಂತೂ ಅಲ್ಲ. ಆದರೆ ದಿನಾ ‘ನಾಳೆ ಮಾಡ್ತೀನಿ’ ಅನ್ನುವವನನ್ನು ಯಾವ ಸಾಲಿನಲ್ಲಿ ನಿಲ್ಲಿಸಬೇಕು?

ಆದೋನಿಯ ಹತ್ತಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಗೆಳೆಯರೊಬ್ಬರು, ಅವನು ಸುಳ್ಳುಗಾರನಲ್ಲ ಎಂದರು. ನಾಳೆ ಎಂಬುದು ಇನ್ನೂ ಬಂದೇ ಇಲ್ಲ, ಬಾರದ ದಿನದ ಮಾತು ಸುಳ್ಳು ಹೇಗಾದೀತು ಎಂಬುದು ಅವರ ತರ್ಕ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಆ ವರ್ಷ ನನ್ನ ಪಾಲಿಗೆ ಅದು ನಗೆಯ ಮಾತಾಗಿರಲಿಲ್ಲ.

ನನ್ನ ವಯಸ್ಸಿನವರಿಗೆ ನೆನಪಿರಬಹುದು. ಊರಲ್ಲಿ ದೆವ್ವದ ಸುದ್ದಿ ಹಬ್ಬಿದಾಗ ಬಾಗಿಲ ಪಕ್ಕ ಸುಣ್ಣದಲ್ಲೋ ಇದ್ದಿಲಲ್ಲೋ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ತೆಲುಗಿನಲ್ಲಿ ಅದೇ ಮಾತು, ‘ಓ ಸ್ತ್ರೀ ರೇಪು ರಾ’. ನಮ್ಮದು ಎರಡೂ ಭಾಷೆಯ ಸೀಮೆಯಾದ್ದರಿಂದ ನಮ್ಮ ಓಣಿಯ ಗೋಡೆಗಳ ಮೇಲೆ ಎರಡೂ ಇದ್ದವು. ದೆವ್ವಕ್ಕೆ ಯಾವ ಭಾಷೆ ಓದಲು ಬರುತ್ತದೋ ಯಾರಿಗೆ ಗೊತ್ತು. ದೆವ್ವ ಬರುತ್ತದೆ, ಓದುತ್ತದೆ, ಸರಿ ನಾಳೆ ಬರೋಣ ಎಂದು ಹೋಗುತ್ತದೆ. ಮರುದಿನ ಬಂದರೂ ಗೋಡೆ ಮೇಲೆ ಅದೇ ಬರಹ. ಆ ಯುಕ್ತಿಗೆ ನಾವೆಲ್ಲ ತಲೆದೂಗಿದ್ದೆವು. ಅರವತ್ತನೇ ವಯಸ್ಸಿನಲ್ಲಿ ನಾನೇ ಆ ದೆವ್ವವಾದೆ.

ನಾನು ಕನ್ನಡ ಮಾಧ್ಯಮದ ಶಾಲೆಯ ಮೇಷ್ಟ್ರು. ಹಳ್ಳಿಯಲ್ಲಿ ಅಪ್ಪ ಕಟ್ಟಿಸಿದ ಮನೆಯಲ್ಲೇ ಬದುಕು ಕಳೆದವನು. ನಮ್ಮವ್ವನಿಗೆ ಎಂಬತ್ತು ದಾಟಿತು. ಎರಡು ಸಲ ನಡುರಾತ್ರಿ ಉಸಿರು ಹಿಡಿದು, ಆಟೋ ಹುಡುಕಿಕೊಂಡು ಆದೋನಿಗೆ ಓಡಬೇಕಾಯಿತು. ಎರಡನೇ ಸಲ ದಾರಿಯಲ್ಲೇ ಹೆಂಡತಿ ಹೇಳಿದಳು, “ಇನ್ನ ಹಳ್ಳಿ ಸಾಕು, ಆಸ್ಪತ್ರಿ ಹತ್ರ ಒಂದು ಮನಿ ನೋಡ್ರಿ.” ಹಾಗೆ ಹುಡುಕಿದಾಗ ಸಿಕ್ಕಿದ್ದು ಆದೋನಿಯ ಹಳೇ ಪೇಟೆಯ ಒಂದು ಮನೆ. ಎರಡೂವರೆ ಸೆಂಟು ಜಾಗ, ಎರಡು ಕೋಣೆ, ನಡುಮನೆ, ಹಿತ್ತಲಲ್ಲಿ ಒಂದು ಬೇವಿನ ಮರ. ಮಾರುವವರು ಎಪ್ಪತ್ತು ದಾಟಿದ ಹಿರಿಯರು. ಅವರ ಹೆಸರು ಇಲ್ಲಿ ಬೇಡ. ನಾನು ಅವರನ್ನು ಯಜಮಾನ್ರೇ ಎಂದು ಕರೆಯುತ್ತಿದ್ದೆ, ಇಲ್ಲಿಯೂ ಹಾಗೇ ಇರಲಿ.

2023ರ ಯುಗಾದಿ ಮುಗಿದ ಮೇಲೆ ಏಪ್ರಿಲ್‌ನಲ್ಲಿ ಅಗ್ರಿಮೆಂಟು ಬರೆದೆವು. ಬೆಲೆ 26 ಲಕ್ಷ, ಬಯಾನ 3 ಲಕ್ಷ, ಮೂರು ತಿಂಗಳೊಳಗೆ ರಿಜಿಸ್ಟ್ರೇಷನ್. ಬಯಾನದ ಮೂರು ಲಕ್ಷದಲ್ಲಿ ಎರಡು ಲಕ್ಷ ಹೆಂಡತಿಯ ಬಳೆ, ಸರ ಅಡವಿಟ್ಟು ತಂದದ್ದು. ಉಳಿದ ಬೆಲೆಗೆ ಬ್ಯಾಂಕಿನ ಸಾಲ ಒಂದಿಷ್ಟು, ಹಳ್ಳಿಮನೆ ಮಾರಿದ ದುಡ್ಡು ಒಂದಿಷ್ಟು ಎಂದು ಲೆಕ್ಕ ಹಾಕಿದ್ದೆ. ಹಳ್ಳಿಮನೆಗೆ ಗಿರಾಕಿಯೂ ಸಿಕ್ಕಿದ್ದ. ಅವನ ಮಾತು ಆಮೇಲೆ ಬರುತ್ತದೆ.

ಮೂರು ತಿಂಗಳಿಗೆ ಜುಲೈ ಬಂತು. “ಮೇಷ್ಟ್ರೇ, ಆಷಾಢ ಐತಿ. ಆಷಾಢದಾಗ ಮನಿ ಕೊಡ್ತಾರೇನ್ರಿ?” ನನಗೂ ಸರಿಯೆನಿಸಿತು. ಆ ವರ್ಷ ಆಷಾಢದ ಬೆನ್ನಿಗೇ ಅಧಿಕ ಶ್ರಾವಣ. “ಅಧಿಕ ಮಾಸದಾಗ ಯಾರು ಮಾಡ್ತಾರ? ನಿಜ ಶ್ರಾವಣ ಬರಲಿ.” ನಿಜ ಶ್ರಾವಣ ಬಂತು, ಆಗ ಹಳೇ ಪತ್ರ ಸಿಗಲಿಲ್ಲ. ಆದವಾನಿ ಬಳ್ಳಾರಿ ಜಿಲ್ಲೆಯಲ್ಲಿದ್ದ ಕಾಲದ ಪತ್ರವಂತೆ. ನಮ್ಮ ಹಿರಿಯರಿಗೆ ಆದೋನಿ ಇವತ್ತಿಗೂ ಆದವಾನಿಯೇ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಈ ಕಡೆ ಬಂದವು, ಬಳ್ಳಾರಿ ಮೈಸೂರಿನ ಕಡೆ ಹೋಯಿತು. ಹಾಗಾಗಿ ಇಲ್ಲಿನ ಹಳೇ ಮನೆಗಳ ಪತ್ರ ಬಿಚ್ಚಿದರೆ ಬಳ್ಳಾರಿ ಜಿಲ್ಲೆ ಎಂದೇ ಇರುತ್ತದೆ. ಪತ್ರ ಬಳ್ಳಾರಿಯ ತಮ್ಮನ ಮನೆಯಲ್ಲಿದೆ ಎಂದರು. ಪಕ್ಷ ಮಾಸ ಬಂತು, ಹೋಯಿತು. ದಸರಾ ಬಂತು. ತಮ್ಮ ಬರುತ್ತಾನೆ, ನಾಳೆ ನಾಡಿದ್ದರಲ್ಲಿ ಬರುತ್ತಾನೆ.

ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ಮನೆಗೆ ಹೋದರೆ ಮಾತ್ರ ದೇವರಂಥ ಮನುಷ್ಯ. ಕೂಡಿಸಿ, ಒಗ್ಗರಣಿ ಮಂಡಕ್ಕಿ, ಮಿರ್ಚಿ ಬಜ್ಜಿ ತರಿಸಿ, ಚಾ ಕೊಟ್ಟು, ನಮ್ಮವ್ವನ ಆರೋಗ್ಯ ಕೇಳುವರು. ಅವರ ಮನೆಯಾಕೆ ಮಂಡಿ ನೋವಿನಲ್ಲೂ ಎದ್ದು ಬಂದು, “ಇನ್ನೊಂದೀಟು ಹಾಕ್ಕೋರಿ” ಅನ್ನುವರು. ಹೊಟ್ಟೆ ತುಂಬಿದ ಮೇಲೆ ಜಗಳ ಎಲ್ಲಿಂದ ಬರಬೇಕು? ಹೊರಡುವಾಗ ಬಾಗಿಲ ತನಕ ಬಂದು ಯಜಮಾನರು ಹೇಳುವ ಮಾತು ಒಂದೇ. “ನಾಳಿ ಒಂದೀಟು ಬಂದು ಹೋಗ್ರಿ, ಮಾಡಿಬಿಡಾನ.”

ಬಸ್ಸಿನಲ್ಲಿ ಹಿಂದಿರುಗುವಾಗ ನನಗೆ ಅಪ್ಪನ ನೆನಪಾಗುತ್ತಿತ್ತು. ಅಪ್ಪ ಎತ್ತಿನ ವ್ಯಾಪಾರ ಬಲ್ಲವನು. ಎಮ್ಮಿಗನೂರಿನ ನೀಲಕಂಠೇಶ್ವರ ಜಾತ್ರೆಗೆ ಕರೆದುಕೊಂಡು ಹೋಗುತ್ತಿದ್ದ. ಅಲ್ಲಿ ದನದ ಬೆಲೆ ಬಾಯಲ್ಲಿ ಆಡುತ್ತಿರಲಿಲ್ಲ, ಟವೆಲ್ಲಿನ ಕೆಳಗೆ ಬೆರಳು ಹಿಡಿದು ಆಡುತ್ತಿದ್ದರು. ಬೆರಳು ಕೂಡಿತೆಂದರೆ ಮುಗಿಯಿತು. ಮಾರಿದವನು ತನ್ನ ಹಗ್ಗ ಬಿಚ್ಚಿಕೊಳ್ಳುತ್ತಿದ್ದ, ಕೊಂಡವನು ತನ್ನ ಹಗ್ಗ ಕಟ್ಟುತ್ತಿದ್ದ, ಸಂಜೆಯೊಳಗೆ ಎತ್ತು ಬೇರೆಯವರ ಊರಿನ ದಾರಿ ಹಿಡಿಯುತ್ತಿತ್ತು. ಆ ವ್ಯಾಪಾರದಲ್ಲಿ ಮೋಸ ಇರಲಿಲ್ಲ ಎಂದಲ್ಲ, ಹಲ್ಲು ಸವೆದ ಎತ್ತಿಗೆ ಹರೆಯ ಹೇಳುವವರು ಬೇಕಾದಷ್ಟು ಜನ. ಆದರೆ ಅಲ್ಲಿ ‘ನಾಳೆ’ ಇರಲಿಲ್ಲ. ಮನೆಯ ವ್ಯಾಪಾರದಲ್ಲಿ ಮಾತು ಕೊಟ್ಟ ದಿನಕ್ಕೂ ಹಗ್ಗ ಬದಲಿಸುವ ದಿನಕ್ಕೂ ನಡುವೆ ತಿಂಗಳುಗಟ್ಟಲೆ ಬಯಲು. ಆ ಬಯಲಿನಲ್ಲಿ ಮನಸ್ಸು ಬದಲಾಗುತ್ತದೆ, ಬೆಲೆ ಬದಲಾಗುತ್ತದೆ, ಮಕ್ಕಳು ಬಾಯಿ ಹಾಕುತ್ತಾರೆ. ಆದ್ದರಿಂದಲೇ ಆ ಬಯಲಿಗೆ ಬೇಲಿ ಹಾಕಲು ನಮ್ಮ ಹಿರಿಯರು ಬಯಾನ ಎಂಬುದನ್ನು ಇಟ್ಟರು.

ಬಯಾನಕ್ಕೆ ಕನ್ನಡದಲ್ಲಿ ಹಳೇ ಹೆಸರು ‘ಸಂಚಕಾರ’. ಸಂಸ್ಕೃತದ ‘ಸತ್ಯಂಕಾರ’ ಬಾಯಿಂದ ಬಾಯಿಗೆ ಸವೆದು ಆದ ಪದ. ಸತ್ಯಂಕಾರವೆಂದರೆ ಮಾತನ್ನು ಸತ್ಯ ಮಾಡುವುದು. ಎಷ್ಟು ಚಂದದ ಹೆಸರು! ಆದರೆ ಇವತ್ತು ‘ಜೀವಕ್ಕೆ ಸಂಚಕಾರ ಬಂತು’ ಅಂದರೆ ಗಂಡಾಂತರ ಬಂತು ಎಂದರ್ಥ. ಮಾತನ್ನು ನಿಜ ಮಾಡಲು ಕೊಟ್ಟ ದುಡ್ಡಿನ ಹೆಸರು ಗಂಡಾಂತರದ ಹೆಸರು ಹೇಗಾಯಿತೋ, ಪಂಡಿತರು ಕಾರಣ ಹೇಳಿಯಾರು. ಬಯಾನ ಕೊಟ್ಟು ಏಳು ತಿಂಗಳು ಕಾದವನಿಗೆ ವಿವರಣೆ ಬೇಕಾಗುವುದಿಲ್ಲ.

ಈ ಸತ್ಯಂಕಾರದ ಮಾತು ಯಾಜ್ಞವಲ್ಕ್ಯ ಸ್ಮೃತಿಯಲ್ಲಿದೆ. ಅದಕ್ಕೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ನಾಡಿನವನೇ. ಕಲ್ಯಾಣದಲ್ಲಿ, ಅಂದರೆ ಇವತ್ತಿನ ಬಸವಕಲ್ಯಾಣದಲ್ಲಿ, 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದವನು. ಅವನು ಕೊಡುವ ಉದಾಹರಣೆ ಉಂಗುರದ್ದು. ಕೊಳ್ಳುವ ಮಾರುವ ಮಾತು ನಡೆಯಲೆಂದು ಒಬ್ಬ ತನ್ನ ಉಂಗುರ ಇನ್ನೊಬ್ಬನ ಕೈಯಲ್ಲಿಡುತ್ತಾನೆ. ಉಂಗುರ ಕೊಟ್ಟವನೇ ಮಾತು ಮುರಿದರೆ ಉಂಗುರ ಹೋಯಿತು. ಇಸಕೊಂಡವನು ಮುರಿದರೆ ಎರಡರಷ್ಟು ಹಿಂದಕ್ಕೆ ಕೊಡಬೇಕು. ಒಂಬೈನೂರು ವರ್ಷದ ಹಿಂದಿನ ಮಾತು, ಇವತ್ತಿಗೂ ಎಷ್ಟೋ ಅಗ್ರಿಮೆಂಟುಗಳಲ್ಲಿ ಇದೇ ಷರತ್ತು ಇರುತ್ತದೆ. ನನ್ನದರಲ್ಲಿಯೂ ಇತ್ತು. ಆದರೆ ಗಮನಿಸಿ, ವಿಜ್ಞಾನೇಶ್ವರನ ನ್ಯಾಯ ಮುರಿದವನಿಗೆ. ನಮ್ಮ ಯಜಮಾನರು ಮುರಿದಿರಲಿಲ್ಲ. ಅವರು ಬಗ್ಗಿಸುತ್ತಿದ್ದರು, ದಿನಾ ಒಂದೊಂದು ಎಳೆ. ಮುರಿದಿದ್ದರೆ ನಾನು ಸದ್ದು ಕೇಳಿಸಿಕೊಂಡು ಎದ್ದು ಹೋಗುತ್ತಿದ್ದೆ.

ಕಾನೂನು ಬಲ್ಲ ಹಳೇ ವಿದ್ಯಾರ್ಥಿಯೊಬ್ಬ ಆದೋನಿ ಕೋರ್ಟಿನಲ್ಲಿ ವಕೀಲ. ಅವನ ಹತ್ತಿರ ಹೋದೆ. ಅವನು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ, ನಮ್ಮ ಕಡೆ ಇದು ಗೊತ್ತಿಲ್ಲದೆ ಮನೆ ಕಳಕೊಳ್ಳುವವರು ಇದ್ದಾರೆ. ಬರೀ ಅಗ್ರಿಮೆಂಟು ಬರೆಸಿದ ಮಾತ್ರಕ್ಕೆ ಕೊಳ್ಳುವವನಿಗೆ ಮನೆಯ ಒಡೆತನ ಬರುವುದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆ ಇದನ್ನು ಬಾಯಿ ಬಿಟ್ಟು ಹೇಳುತ್ತದೆ. ಅಗ್ರಿಮೆಂಟಿನಂತೆ ಮಾರಿಸಿ ಕೊಡಿ ಎಂದು ಕೋರ್ಟಿಗೆ ಹೋಗಬಹುದು. ಅದಕ್ಕೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆ ಇದೆ, 2018ರ ತಿದ್ದುಪಡಿ ಅದನ್ನು ಕೊಳ್ಳುವವನ ಪರವಾಗಿ ಇನ್ನಷ್ಟು ಗಟ್ಟಿ ಮಾಡಿತು. ಆದರೆ ಮೂರು ವರ್ಷದೊಳಗೆ ಹೋಗಬೇಕು. ಅಗ್ರಿಮೆಂಟಿನಲ್ಲಿ ತಾರೀಖು ಬರೆದಿದ್ದರೆ ಆ ತಾರೀಖಿನಿಂದ ಮೂರು ವರ್ಷ. ತಾರೀಖು ಇಲ್ಲದಿದ್ದರೆ, ಮಾರುವವನು ಒಲ್ಲೆನೆಂದದ್ದು ಗೊತ್ತಾದ ದಿನದಿಂದ.

“ಸಾರ್, ಅವ್ರು ಬಜ್ಜಿ ತಿನ್ನಿಸ್ತಾ ಇರ್ತಾರ, ಗಡಿಯಾರ ಓಡ್ತಾ ಇರ್ತತಿ,” ಎಂದ.

ಇಷ್ಟೇ ಆಗಿದ್ದರೆ ನನ್ನ ತಲೆಯಲ್ಲಿ ಉಳಿಯುತ್ತಿರಲಿಲ್ಲ. ಅವನು ಇನ್ನೊಂದು ಮಾತು ಹೇಳಿದ. ಕೋರ್ಟು ಮೊದಲು ನೋಡುವುದು ಮಾರುವವನನ್ನಲ್ಲ, ಕೇಳಲು ಬಂದವನನ್ನು. ಕೊಳ್ಳುವವನು ಮೊದಲಿನಿಂದ ಕೊನೆ ತನಕ ತಾನು ಸಿದ್ಧನಿದ್ದೆ, ಮನಸ್ಸೂ ಇತ್ತು, ದುಡ್ಡೂ ಇತ್ತು ಎಂದು ತೋರಿಸಬೇಕು. 1997ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಮಧುರೈನ ಒಂದು ಮನೆಯ ವ್ಯಾಜ್ಯ ಇತ್ತು. 1978ರ ಅಗ್ರಿಮೆಂಟು, 60,000 ರೂಪಾಯಿ ಬೆಲೆ, 5,000 ಮುಂಗಡ, ಆರು ತಿಂಗಳ ಗಡುವು. ಕೊಳ್ಳುವವನು ಎರಡೂವರೆ ವರ್ಷ ಸುಮ್ಮನಿದ್ದು ಆಮೇಲೆ ಮನೆ ಕೇಳಿದ. ಪೇಟೆಯಲ್ಲಿ ಮನೆಯ ಬೆಲೆ ಏರುತ್ತಿರುವಾಗ ಇಷ್ಟು ದಿನ ಸುಮ್ಮನಿದ್ದವನಿಗೆ ಆ ಹಳೇ ಬೆಲೆಗೆ ಮನೆ ಕೊಡಿಸುವುದು ನ್ಯಾಯವಲ್ಲ ಎಂದು ಕೋರ್ಟು ಕೊಡಲಿಲ್ಲ. ಅಂದರೆ ಕಾಯುವವನ ಕಾಯುವಿಕೆಗೂ ಒಂದು ಗುಣ ಬೇಕು. ಮಲಗಿಕೊಂಡು ಕಾಯುವುದು ಬೇರೆ, ಎಚ್ಚರವಿದ್ದು ಕಾಯುವುದು ಬೇರೆ. ಇನ್ನೊಬ್ಬನ ಮಾತನ್ನು ಹಿಡಿದು ನಿಲ್ಲಿಸುವವನು ತನ್ನ ಮಾತನ್ನು ದಿನಾ ಹೊಳಪಾಗಿ ಇಟ್ಟುಕೊಂಡಿರಬೇಕು.

ನೋಟೀಸು ಕಳಿಸಿ ಎಂದ ನನ್ನ ವಿದ್ಯಾರ್ಥಿ. ನಾನು ಕಳಿಸಲಿಲ್ಲ. ನಮ್ಮ ಕಡೆ ವಕೀಲರ ನೋಟೀಸು ಎಂದರೆ ಹಗೆತನ. ಅವರ ಮನೆಯ ಅನ್ನ ಉಂಡಿದ್ದೇನೆ, ಹೇಗೆ ಕಳಿಸಲಿ? ಹೀಗೆ ನನ್ನನ್ನು ನಾನು ದೊಡ್ಡವನೆಂದುಕೊಂಡೆ. ಈಗ ನೋಡಿದರೆ ಅದು ದೊಡ್ಡತನವಾಗಿರಲಿಲ್ಲ. ಯಾಕೆಂದರೆ ಅದೇ ದಿನಗಳಲ್ಲಿ ಈ ಕಟ್ಟೆ ಮೇಲೆ ಕೂತು ಅವರನ್ನು ಎಷ್ಟು ಬೈದಿದ್ದೇನೆ! ಯಾರೋ ಹೆಚ್ಚಿಗೆ ಬೆಲೆ ಕೇಳಿದ್ದಾರೆ, ಅದಕ್ಕೇ ಎಳೆಯುತ್ತಿದ್ದಾರೆ, ಮುದುಕನಿಗೆ ಆಸೆ ಎಂದೆಲ್ಲ ಅಂದೆ. ಅವರ ಮುಂದೆ ಬಜ್ಜಿ ತಿಂದು ಹಿಂದೆ ಬೈಯುವ ಬದಲು, ತಾರೀಖು ಹಾಕಿದ ಒಂದು ಕಾಗದ ಅವರ ಕೈಗೆ ಕೊಟ್ಟಿದ್ದರೆ ಅದೇ ಹೆಚ್ಚು ಮರ್ಯಾದೆಯಾಗುತ್ತಿತ್ತು. ಕಾಗದ ಮುಖದ ಮೇಲೆ ಮಾತಾಡುತ್ತದೆ.

ನಾವೆಲ್ಲ ಚಿಕ್ಕಂದಿನಲ್ಲಿ ಗೋವಿನ ಹಾಡು ಕಲಿತವರು. ನಾನಂತೂ ಮಕ್ಕಳಿಗೆ ಎಷ್ಟು ವರ್ಷ ಕಲಿಸಿದೆನೋ ಲೆಕ್ಕವಿಲ್ಲ. ಎಲ್ಲ ಮಕ್ಕಳೂ ಪುಣ್ಯಕೋಟಿಯ ಕಡೆ. ಆ ವರ್ಷ ಪಾಠ ಮಾಡುವಾಗ ಮೊದಲನೇ ಸಲ ನನಗೆ ಹುಲಿಯ ಕಡೆ ನೋಡಬೇಕೆನಿಸಿತು. ಹಸಿದ ಹುಲಿ, ಕೈಗೆ ಸಿಕ್ಕ ಆಹಾರ, ಬಿಟ್ಟು ಕೂತು ಕಾಯುತ್ತದೆ. ಅದು ಹೇಗೆ ಕಾದೀತು? ಆಕಳು ಕಾರಣ ಹೇಳಿತ್ತು, ಅದಕ್ಕೆ. ದೊಡ್ಡಿಯಲ್ಲಿ ಕರು ಇದೆ, ಹಾಲುಣಿಸಿ ಬರುತ್ತೇನೆ ಎಂದಿತ್ತು. ಹುಲಿ ನಂಬಲಿಲ್ಲ, ಆಣೆ ಮಾಡಿಸಿಕೊಂಡಿತು, ಆಮೇಲೆ ಬಿಟ್ಟಿತು. ಆಕಳು ಕೇಳಿದ್ದು ಕೂಡ ಒಂದು ಗಡುವನ್ನೇ. ಯಜಮಾನರು ತೆಗೆದುಕೊಂಡದ್ದೂ ಗಡುವನ್ನೇ. ಆಕಳು ಕೇಳಿತು, ಇವರು ಕೇಳಲಿಲ್ಲ. ವ್ಯತ್ಯಾಸ ಇಷ್ಟೇ, ಆದರೆ ನನ್ನ ಮಟ್ಟಿಗೆ ಎಲ್ಲವೂ ಇಲ್ಲೇ ಇದೆ. ನಿಜವಾದ ಕಾರಣ ಹೇಳಿ ಎರಡು ತಿಂಗಳು ಕೊಡಿ ಎಂದರೆ, ಕೊಡುವುದೋ ಬಿಡುವುದೋ ನನ್ನ ಕೈಯಲ್ಲಿರುತ್ತದೆ. ಕಾರಣ ಮುಚ್ಚಿಟ್ಟು ನಾಳೆ ಎಂದರೆ ಆ ಎರಡು ತಿಂಗಳನ್ನು ನನ್ನ ಜೇಬಿನಿಂದ ಕೇಳದೆ ತೆಗೆದುಕೊಂಡ ಹಾಗೆ. ದಲಾಲಿ ಅಂಗಡಿಯ ಗೆಳೆಯರಿಗೆ ನಾನು ಕೊಡಬೇಕಾಗಿದ್ದ ಉತ್ತರ ಇದು. ನಾಳೆಯ ಮಾತು ಸುಳ್ಳೋ ಅಲ್ಲವೋ ಎಂದು ನಾಳೆಯನ್ನು ನೋಡಿ ಹೇಳಲಾಗದು, ನಿಜ. ಇವತ್ತು ಬಾಯಲ್ಲಿ ಏನನ್ನು ಕಚ್ಚಿ ಹಿಡಿದಿದ್ದಾನೆ ಎಂಬುದನ್ನು ನೋಡಿ ಹೇಳಬಹುದು.

ಆದರೆ ಈ ಉತ್ತರ ನನಗೆ ಕಟ್ಟೆ ಮೇಲೆ ಹೊಳೆಯಲಿಲ್ಲ. ಅದನ್ನು ಕಲಿಸಿದವನು ನನ್ನ ಹಳ್ಳಿಮನೆಯ ಗಿರಾಕಿ.

ಅವನು ನಮ್ಮೂರ ಹುಡುಗ, ಬಾಡಿಗೆ ಟ್ರ್ಯಾಕ್ಟರು ಓಡಿಸುತ್ತಾನೆ. ಮದುವೆಯಾಗಿ ಎರಡು ವರ್ಷ. ಅಣ್ಣತಮ್ಮಂದಿರ ಜೊತೆ ಒಂದೇ ಮನೆಯಲ್ಲಿ ಇಕ್ಕಟ್ಟು. ನನ್ನ ಮನೆಗೆಂದು ಒಂದು ಲಕ್ಷ ಬಯಾನ ಕೊಟ್ಟಿದ್ದ. “ಆದೋನಿ ಮನಿ ಆದ ತಿಂಗಳಿಗೆ ಬಿಡ್ತೀನಪ್ಪ” ಎಂದು ನಾನು ಹೇಳಿದ್ದೆ, ಬರವಣಿಗೆ ಏನೂ ಇರಲಿಲ್ಲ. ಮೇಷ್ಟ್ರ ಮಾತು ಎಂದು ಅವನು ಬರವಣಿಗೆ ಕೇಳಿರಲಿಲ್ಲ. ಆಗಸ್ಟಿನಲ್ಲಿ ಬಂದ, ಇನ್ನೊಂದು ತಿಂಗಳು ಅಂದೆ. ದಸರಾಕ್ಕೆ ಬಂದ, ದೀಪಾವಳಿ ಅಂದೆ. ಕಾರ್ತೀಕದಲ್ಲಿ ಒಂದು ಬೆಳಿಗ್ಗೆ ಹೆಂಡತಿಯನ್ನೂ ಕರೆದುಕೊಂಡು ಬಂದ. ಅವಳಿಗೆ ಏಳು ತಿಂಗಳು. ಅಂಗಳದಲ್ಲೇ ನಿಂತರು, ಒಳಗೆ ಬರಲಿಲ್ಲ. ನನ್ನ ಹೆಂಡತಿ ಚಾ ಮಾಡುತ್ತೇನೆಂದಳು.

“ಚಾ ಬ್ಯಾಡ್ರಿ ಅಮ್ಮ,” ಅಂದ. “ಸಾರ್, ಯಾವಾಗ ಅಂತ ಒಂದು ಮಾತು ಹೇಳಿಬಿಡ್ರಿ.”

“ಆಗ್ತತಪ್ಪ. ನಾಳಿ ಆದೋನಿಗೆ ಹೋಗಿ ಗಟ್ಟಿ ಮಾಡ್ಕೊಂಡು ಬರ್ತೀನಿ, ಸಂಜಿಗೆ ಬಾ.”

ಮಾತು ಬಾಯಿಂದ ಬಿದ್ದ ಮೇಲೆ ನನಗೇ ಕೇಳಿಸಿತು. ಧ್ವನಿ ಕೂಡ ಯಜಮಾನರದೇ. ಆ ಹುಡುಗ ಏನೂ ಅನ್ನಲಿಲ್ಲ. ಗೇಟಿನ ಹತ್ತಿರ ಹೋಗಿ ಹೆಂಡತಿಗೆ ಮೆಲ್ಲಗೆ ಏನೋ ಹೇಳಿದ, ಅವಳು ತಿರುಗಿ ಮನೆಯನ್ನು ಒಂದು ಸಲ ನೋಡಿದಳು. ನಾನು ಅವನಿಗೆ ಒಂದು ಸಲವೂ ನಿಜ ಹೇಳಿರಲಿಲ್ಲ. ಆದೋನಿಯ ಮನೆ ಆಗುತ್ತದೋ ಇಲ್ಲವೋ ನನಗೇ ಗೊತ್ತಿಲ್ಲ ಎಂಬ ಮಾತನ್ನು ಹೇಳಲು ನಾಚಿಕೆ. ಮೇಷ್ಟ್ರು ಮೋಸ ಹೋದರಂತೆ ಎಂದು ಊರಲ್ಲಿ ಆಡಿಕೊಳ್ಳುತ್ತಾರೆ ಎಂಬ ಅಂಜಿಕೆ. ಆ ನಾಚಿಕೆಯ ಬೆಲೆಯನ್ನು ಏಳು ತಿಂಗಳ ಬಸುರಿ ಕಟ್ಟುತ್ತಿದ್ದಳು.

ಆಗ ನನಗೆ ಅನಿಸಿತು, ಯಜಮಾನರಿಗೂ ಏನೋ ನಾಚಿಕೆ ಇರಬೇಕು. ಆಸೆಯೇ ಇರಬೇಕೆಂದೇನಿಲ್ಲ.

ಮರುದಿನ ಆದೋನಿಗೆ ಹೋದೆ. ಮಂಡಕ್ಕಿ ತರಿಸಲು ಹೊರಟವರನ್ನು ತಡೆದೆ. “ಯಜಮಾನ್ರೇ, ಇವತ್ತು ನಾನು ರಿಜಿಸ್ಟ್ರೇಷನ್ ಮಾತಾಡಾಕ ಬಂದಿಲ್ಲ. ಇಲ್ಲ ಅನ್ನಂಗಿದ್ರ ಇಲ್ಲ ಅನ್ರಿ. ನನಗ ಸಿಟ್ಟಿಲ್ಲ. ಆದ್ರ ಕಾರಣ ಹೇಳ್ರಿ.” ಜೇಬಿನಲ್ಲಿ ನನ್ನ ವಿದ್ಯಾರ್ಥಿ ಬರೆದುಕೊಟ್ಟ ಕಾಗದವೂ ಇತ್ತು, ಸುಳ್ಳು ಯಾಕೆ ಹೇಳಲಿ. ಹದಿನೈದು ದಿನದ ಗಡುವು ಹಾಕಿದ್ದ ಆ ಕಾಗದವನ್ನು ತೆಗೆದು ಮುಂದಿಟ್ಟೆ. ಇದು ಹಗೆತನಕ್ಕಲ್ಲ, ನನಗೂ ಒಬ್ಬರಿಗೆ ತಾರೀಖು ಹೇಳಬೇಕಾಗಿದೆ ಎಂದು ಟ್ರ್ಯಾಕ್ಟರಿನ ಹುಡುಗನ ವಿಷಯ ಹೇಳಿದೆ.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಮಾತಾಡಿದ್ದು ಒಳಗಿನಿಂದ ಅವರ ಮನೆಯಾಕೆ. “ಹೇಳಿಬಿಡ್ರಿ ಇನ್ನ, ಎಷ್ಟು ದಿನ?”

ಮಗಳ ವಿಷಯ. ಮನೆ ಅವರ ತಂದೆಯ ಕಾಲದ್ದು. ಗಂಡುಮಕ್ಕಳಿಬ್ಬರೂ ಸಹಿ ಹಾಕಲು ತಯಾರು, ದುಡ್ಡು ಎಲ್ಲಿ ಹಾಕಬೇಕೆಂಬ ಲೆಕ್ಕವೂ ಆಗಿತ್ತು. ಮಗಳನ್ನು ಯಾರೂ ಕೇಳಿರಲಿಲ್ಲ. ಕೊಟ್ಟ ಹೆಣ್ಣು, ಅವಳಿಗೇನು ಎಂದು ಅಗ್ರಿಮೆಂಟು ಬರೆದಿದ್ದರು. ಬರೆದ ಮೇಲೆ ಅವಳ ಸಹಿಯೂ ಬೇಕೆಂದು ತಿಳಿಯಿತು. ಕೇಳಿದಾಗ ಅವಳು ಹಾಕುವುದಿಲ್ಲ ಎಂದಳು. ಹಣಕ್ಕಲ್ಲ. ಅವ್ವ ಇರುವ ತನಕ ಈ ಮನೆ ಇರಲಿ ಎಂದಳು. ಗಂಡುಮಕ್ಕಳು ತಂಗಿಯ ಮೇಲೆ ಸಿಟ್ಟಾದರು. ಅಪ್ಪ ನಡುವೆ ಸಿಕ್ಕಿಬಿದ್ದು ನನಗೆ ನಾಳೆ ಎನ್ನುತ್ತಾ ಹೋದರು. ಹಬ್ಬಕ್ಕೆ ಬಂದಾಗ ಒಪ್ಪಿಯಾಳು ಎಂದು ಒಂದೊಂದು ಹಬ್ಬವನ್ನೂ ಕಾಯುತ್ತಿದ್ದರಂತೆ. ಹಾಗಾಗಿ ನನಗೆ ಹೇಳಿದ ಆಷಾಢ, ಅಧಿಕ ಮಾಸಗಳೂ ಪೂರ್ತಿ ಸುಳ್ಳಲ್ಲ. ಬಳ್ಳಾರಿಯ ಪತ್ರ ಮಾತ್ರ ಪೂರ್ತಿ ಸುಳ್ಳು. ಅದು ಅವರ ಕಪಾಟಿನಲ್ಲೇ ಇತ್ತು.

ನಮ್ಮ ಆಂಧ್ರದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮ ಪಾಲು ಕೊಟ್ಟ ಕಾನೂನು ಎನ್.ಟಿ. ರಾಮರಾವ್ ಕಾಲದ್ದು. 1985ರ ಸೆಪ್ಟೆಂಬರ್ 5ರಿಂದ ಜಾರಿ. ಕರ್ನಾಟಕದಲ್ಲಿ 1994ಕ್ಕೆ ಬಂತು, ದೇಶಕ್ಕೆಲ್ಲ 2005ರಲ್ಲಿ. 2020ರಲ್ಲಿ ಸುಪ್ರೀಂ ಕೋರ್ಟು ಅದು ಹುಟ್ಟಿನಿಂದಲೇ ಬಂದ ಹಕ್ಕು ಎಂದು ಹೇಳಿತು. ಅಷ್ಟು ವರ್ಷದಿಂದ ಇರುವ ಹಕ್ಕು ನಮ್ಮ ಮನೆಗಳಲ್ಲಿ ಮನೆ ಮಾರುವ ದಿನ ಮಾತ್ರ ನೆನಪಾಗುತ್ತದೆ. ಉಂಗುರದ ನ್ಯಾಯವನ್ನು ಅಷ್ಟು ಚಂದ ಹೇಳಿದ ಮಿತಾಕ್ಷರದ ಹೆಸರಿನಲ್ಲಿಯೇ, ಅವಿಭಕ್ತ ಕುಟುಂಬದಲ್ಲಿ ಮಗಳಿಗೆ ಹುಟ್ಟಿನ ಪಾಲಿಲ್ಲವೆಂದು ನಮ್ಮ ಕೋರ್ಟುಗಳು ಬಹುಕಾಲ ನಡೆಸಿದವು ಎಂಬುದೂ ಅಂದು ನೆನಪಾಯಿತು. ನಾನು ಅಗ್ರಿಮೆಂಟು ಬರೆಸುವಾಗ ಇ.ಸಿ. ತೆಗೆಸಿ ನೋಡಿದ್ದೆ, ತೆರಿಗೆ ರಸೀದಿ ನೋಡಿದ್ದೆ. ನಿಮಗೆ ಹೆಣ್ಣುಮಕ್ಕಳು ಎಷ್ಟು ಎಂದು ಒಂದು ಮಾತು ಕೇಳಿರಲಿಲ್ಲ. ಮೇಷ್ಟ್ರು! ನನಗೂ ಒಬ್ಬಳು ತಂಗಿ ಇದ್ದಾಳೆ, ಹಳ್ಳಿಮನೆ ಮಾರುವಾಗ ಅವಳನ್ನು ನಾನು ಕೇಳಿದ್ದೆನೇ? ಫೋನಿನಲ್ಲಿ ತಿಳಿಸಿದ್ದೆ. ತಿಳಿಸುವುದಕ್ಕೂ ಕೇಳುವುದಕ್ಕೂ ಇರುವ ಅಂತರ ಅಂದು ಗೊತ್ತಾಗಿ, ಊರಿಗೆ ಬಂದ ರಾತ್ರಿಯೇ ಕೇಳಿದೆ. ಅವಳು ಒಪ್ಪಿದಳು. ಒಪ್ಪದಿದ್ದರೆ ಏನು ಮಾಡುತ್ತಿದ್ದೆ ಎಂದು ನನಗೆ ಗೊತ್ತಿಲ್ಲ.

ಯಜಮಾನರು ಕಡೆಗೆ ಅಂ‍ದರು, “ಆಗಲ್ಲ ಮೇಷ್ಟ್ರೇ. ಮಗಳ ಕಣ್ಣೀರಿನ ಮ್ಯಾಲೆ ನಾನು ಮನಿ ಮಾರಲ್ಲ.” ಏಳೂವರೆ ತಿಂಗಳಲ್ಲಿ ಅವರು ನನಗೆ ಆಡಿದ ಮೊದಲ ನೆಟ್ಟನೆಯ ಮಾತು. ನನಗೆ ಮನೆ ಹೋಯಿತು. ಆದರೂ ಬೆನ್ನ ಮೇಲಿನ ಮೂಟೆ ಇಳಿಸಿದ ಹಾಗಾಯಿತು, ಅವರ ಮುಖವೂ ಹಗುರಾಯಿತು.

ಇನ್ನು ಲೆಕ್ಕ. ಅಗ್ರಿಮೆಂಟಿನ ಪ್ರಕಾರ ನಾನು ಆರು ಲಕ್ಷ ಕೇಳಬಹುದಿತ್ತು. ಕೇಳಲಿಲ್ಲ. ಕೋರ್ಟಿಗೂ ಹೋಗಲಿಲ್ಲ. ಹೋಗುವವರನ್ನು ತಪ್ಪೆನ್ನುವುದಿಲ್ಲ. ಬೆಲೆ ಏರಿದೆ ಎಂದು ಎಳೆಯುವ ಮಾರಾಟಗಾರನ ಮೇಲೆ ಹೋಗಲೇಬೇಕು, ಮೂರು ವರ್ಷದೊಳಗೆ ಹೋಗಬೇಕು. ಇಲ್ಲಿ ಗೆದ್ದರೂ ನಾನು ಗೆಲ್ಲುವುದು ಒಬ್ಬ ಮಗಳ ಎದುರಿಗೆ, ಅವಳ ಜೊತೆ ನನ್ನ ಅಗ್ರಿಮೆಂಟೇ ಇರಲಿಲ್ಲ. ಆದರೆ ಬಯಾನದ ಮೂರು ಲಕ್ಷದ ಜೊತೆಗೆ ಒಡವೆ ಅಡವಿನ ಬಡ್ಡಿ 12,000 ರೂಪಾಯಿ ಕೇಳಿದೆ. ಇದನ್ನು ಕೇಳಿ ಕಟ್ಟೆಯ ಮೇಲೆ ಎರಡು ಪಕ್ಷವಾಯಿತು. ಅಷ್ಟು ದೊಡ್ಡದನ್ನು ಬಿಟ್ಟವರು ಇಷ್ಟು ಸಣ್ಣದನ್ನು ಹಿಡಿದರಲ್ಲ ಎಂದವರೇ ಹೆಚ್ಚು. ನಾನು ಹಾಗೆ ತಿಳಿಯುವುದಿಲ್ಲ. ಆರು ಲಕ್ಷ ನನ್ನ ಸಿಟ್ಟಿನ ಲೆಕ್ಕ, ಅದನ್ನು ಬಿಡುವ ಅಧಿಕಾರ ನನಗಿತ್ತು. ಹನ್ನೆರಡು ಸಾವಿರ ನನ್ನ ಹೆಂಡತಿಯ ಬರಿಗೈಯ ಲೆಕ್ಕ. ಅವಳು ತಮ್ಮನ ಮಗಳ ಮದುವೆಗೆ ಗಾಜಿನ ಬಳೆ ಹಾಕಿಕೊಂಡು ಹೋಗಿದ್ದಳು. ಅದನ್ನು ನಾನು ದೊಡ್ಡ ಮನಸ್ಸಿನವನಾಗಿ ಬಿಟ್ಟುಕೊಡಲು ಬರುವುದಿಲ್ಲ.

ಟ್ರ್ಯಾಕ್ಟರಿನ ಹುಡುಗನಿಗೆ ಆ ಸಂಜೆಯೇ ಎಲ್ಲವನ್ನೂ ಹೇಳಿದೆ, ಮೋಸ ಹೋದೆ ಎಂದು ಊರು ಅಂದುಕೊಂಡರೂ ಸರಿ ಎಂದು. ಆದೋನಿಯ ಮನೆ ಇಲ್ಲ, ಬಾಡಿಗೆ ಮನೆ ನೋಡುತ್ತೇನೆ, ಸಂಕ್ರಾಂತಿಗೆ ಬೀಗ ನಿನ್ನ ಕೈಗೆ ಎಂದೆ. ಕಾಗದದ ಮೇಲೆ ಬರೆದು ಸಹಿ ಹಾಕಿದೆ, ತಂಗಿಯ ಸಹಿಯನ್ನೂ ಹಾಕಿಸಿದೆ. ಸಂಕ್ರಾಂತಿಗೆ ಎರಡು ದಿನ ಮೊದಲೇ ಬಿಟ್ಟೆ. ಈಗ ಆಸ್ಪತ್ರೆಯಿಂದ ನಾಲ್ಕು ಓಣಿ ಆಚೆ ಬಾಡಿಗೆಗೆ ಇದ್ದೇವೆ. ಬೇವಿನ ಮರ ಇಲ್ಲ, ಮೇಲಿನ ಮಹಡಿಯವರ ನೀರಿನ ಮೋಟಾರಿನ ಸದ್ದು ಇದೆ. ರವಿವಾರ ಹಳ್ಳಿಗೆ ಹೋದರೆ ಕಟ್ಟೆ ಇದ್ದೇ ಇದೆ.

ಯಜಮಾನರು ಬಯಾನವನ್ನು ಎರಡು ಕಂತಿನಲ್ಲಿ ಕೊಡುತ್ತೇನೆಂದಿದ್ದರು. ಮೊದಲನೆಯದು ಡಿಸೆಂಬರಿನಲ್ಲಿ ಬಂತು. ಎರಡನೆಯದು ಮುಂದಿನ ಯುಗಾದಿಗೆ ಎಂದಿದ್ದರು. 2024ರ ಯುಗಾದಿ ಏಪ್ರಿಲ್ 9ಕ್ಕೆ. ನಾನು ಎಣ್ಣೆ ಹಚ್ಚಿಕೊಂಡು ಕೂತಿದ್ದೆ, ಇನ್ನೂ ಸ್ನಾನ ಆಗಿರಲಿಲ್ಲ. ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಬಟ್ಟೆಯ ಚೀಲ. ಬಡ್ಡಿಯನ್ನು ಬೇರೆ ಕವರಿನಲ್ಲಿ ಹಾಕಿ, ಅದರ ಮೇಲೆ ಪೆನ್ನಿನಲ್ಲಿ 12,000 ಎಂದು ಬರೆದಿದ್ದರು. ಅದನ್ನು ನನಗೆ ಕೊಡದೆ ನನ್ನ ಹೆಂಡತಿಯನ್ನು ಕರೆದು ಅವಳ ಕೈಗೆ ಕೊಟ್ಟರು. ಬೇವು ಬೆಲ್ಲ ತಿಂದು, ಚಾ ಕುಡಿದು ಹೊರಟರು. ನಮ್ಮವ್ವ ಮಂಚದ ಮೇಲಿಂದಲೇ ಅವರ ಮನೆಯಾಕೆಯ ಮಂಡಿ ನೋವಿಗೆ ಯಾವ ಎಣ್ಣೆ ಹಚ್ಚುತ್ತಾರೆಂದು ಕೇಳುತ್ತಿದ್ದಳು.